ಅಝುಚಿ ಕೋಟೆಯ ಮೆಟ್ಟಿಲಲ್ಲಿ ಮಲಗಿದ್ದ ಬುದ್ಧ

ಷಾರ್ಲೆಟ್‌ನಿಂದ ಅಟ್ಲಾಂಟಾ, ಅಲ್ಲಿಂದ ಟೋಕಿಯೋ, ಆಮೇಲೆ ಬುಲೆಟ್ ರೈಲಿನಲ್ಲಿ ಕ್ಯೋಟೋ. ಎರಡು ದಿನ ಹೆಂಡತಿ ಸಂಧ್ಯಾ ಹೇಳಿದ ದೇವಸ್ಥಾನಗಳನ್ನೆಲ್ಲ ಸುತ್ತಿದ ಮೇಲೆ ಮೂರನೆಯ ದಿನ ನನ್ನ ಹಟ ನಡೆಯಿತು. ನನಗೆ ಕೋಟೆಗಳ ಹುಚ್ಚು. ಕ್ಯೋಟೋದಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗೆ ಅಝುಚಿ ಎಂಬ ಸಣ್ಣ ಊರು ಸಿಗುತ್ತದೆ. ಟಿಕೆಟ್ಟು ಸಾವಿರ ಯೆನ್ ಕೂಡ ಇಲ್ಲ. ಅಲ್ಲಿಯ ಬೆಟ್ಟದ ಮೇಲೆ ನಾನೂರು ಚಿಲ್ಲರೆ ವರ್ಷಗಳ ಹಿಂದೆ ಒಬ್ಬ ಸೇನಾಧಿಪತಿ ಏಳಂತಸ್ತಿನ ಕೋಟೆ ಕಟ್ಟಿಸಿದ್ದ. ಜಪಾನನ್ನೆಲ್ಲ ಆಳಬೇಕೆಂದು ಹೊರಟವನು. ಗೋಪುರ ಎದ್ದ ಮೂರೇ ವರ್ಷಕ್ಕೆ ಅವನೂ ಹೋದ, ಕೋಟೆಯೂ ಸುಟ್ಟುಹೋಯಿತು. ಈಗ ಉಳಿದಿರುವುದು ಕಲ್ಲು ಮಾತ್ರ.

"ಕಲ್ಲು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದಳು ಸಂಧ್ಯಾ ರೈಲಿನಲ್ಲಿ. ಅವಳ ಚಿಂತೆ ಕಲ್ಲಿನದಲ್ಲ, ಮಂಡಿಯದು. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದವಳು, ಮಂಡಿಯ ಆಪರೇಷನ್ ಆದ ಮೇಲೆ ನೆಲದ ಮೇಲೆ ಕೂರಲಾಗದೆ ವೀಣೆಗೆ ಬಟ್ಟೆ ಮುಚ್ಚಿಬಿಟ್ಟಿದ್ದಳು. ಮಂಡಿ ಪೂರ್ತಿ ವಾಸಿಯಾಗಿದೆ, ಉಳಿದಿರುವುದು ಹೆದರಿಕೆಯೊಂದೇ ಎಂದು ಡಾಕ್ಟರು ಹೇಳಿ ಆಗಿತ್ತು. ಥೆರಪಿಸ್ಟ್ ತಿಂಗಳುಗಟ್ಟಲೆ ಗೋಗರೆದರೂ ಕಾಲು ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ. ಈ ಜನ್ಮಕ್ಕೆ ವೀಣೆ ಮುಗಿಯಿತು ಎಂದು ಅವಳು ಆಗಾಗ ಅನ್ನುತ್ತಿದ್ದಳು.

ನಿಲ್ದಾಣದಿಂದ ಟ್ಯಾಕ್ಸಿ ಹಿಡಿದೆವು. ಎರಡೂ ಕಡೆ ಕೊಯ್ಲು ಮುಗಿದ ಗದ್ದೆ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಬೆಟ್ಟದ ಬುಡದಲ್ಲಿ, ಕ್ಯೋಟೋ ನಿಲ್ದಾಣದಲ್ಲಿ ಕೊಂಡಿದ್ದ ಅನ್ನದ ಉಂಡೆಯ ಪೊಟ್ಟಣ ಬಿಚ್ಚಿದರೆ ಸಂಧ್ಯಾ ಅದಕ್ಕೂ ಬ್ಯಾಗಿನಿಂದ ಪುಳಿಯೋಗರೆ ಗೊಜ್ಜು ತೆಗೆದು ಮೆತ್ತಿದಳು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಟಿಕೆಟ್ ಕೊಡುವ ಹೆಂಗಸು ಅವಳ ನಡಿಗೆ ನೋಡಿ, ಕೇಳದೆಯೇ ಒಂದು ಊರುಗೋಲು ಕೊಟ್ಟಳು.

ಮೆಟ್ಟಿಲು ನೋಡಿ ನನಗೆ ಆಶ್ಚರ್ಯ. ಕೋಟೆಯ ದಾರಿ ಎಂದರೆ ಶತ್ರು ತಬ್ಬಿಬ್ಬಾಗುವಂತೆ ಸುತ್ತಿ ಬಳಸಿ ಇರಬೇಕು. ಇದು ಅಗಲವಾಗಿ, ನೇರವಾಗಿ ಮೇಲಕ್ಕೇ ಹೋಗುತ್ತದೆ. ಈ ಮನುಷ್ಯನಿಗೆ ಹೆದರಿಕೆಯೇ ಇರಲಿಲ್ಲವೇನೋ ಎಂದು ಸಂಧ್ಯಾಳಿಗೆ ಹೇಳಿದೆ. ಅವಳು ಕೋಲೂರಿ, ಒಂದೇ ಕಾಲಿಗೆ ಭಾರ ಹಾಕಿ ಹತ್ತುತ್ತಿದ್ದಳು.

ಸ್ವಲ್ಪ ಮೇಲೆ ಒಂದು ಬೋರ್ಡಿತ್ತು. ಕೋಟೆ ಕಟ್ಟುವ ಅವಸರದಲ್ಲಿ ಸಿಕ್ಕಸಿಕ್ಕ ಕಲ್ಲುಗಳನ್ನೆಲ್ಲ ತಂದು ಹಾಸಿದ್ದರಂತೆ, ಅವುಗಳಲ್ಲಿ ಬುದ್ಧನ ವಿಗ್ರಹಗಳೂ ಇವೆಯಂತೆ. ಓದಿ ಹೇಳುತ್ತಾ ತಿರುಗಿ ನೋಡಿದೆ. ಮೆಟ್ಟಿಲಲ್ಲಿ ಅಂಗಾತ ಮಲಗಿದ್ದ, ಮುಖ ಸವೆದ ಪುಟ್ಟ ಬುದ್ಧನಿಗೆ ಅವಳ ಶೂ ತಾಗಿತ್ತು.

"ಅಯ್ಯೋ, ತಪ್ಪಾಯ್ತಪ್ಪಾ," ಎಂದವಳೇ ಕೋಲು ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆಮೇಲೆ ಅಲ್ಲಾಡಲಿಲ್ಲ. ನೋವಾಯಿತೇನೋ ಎಂದು ನಾನು ಅವಸರದಲ್ಲಿ ಅವಳ ಹತ್ತಿರ ಇಳಿದೆ.

"ರೀ," ಎಂದಳು ಮೆಲ್ಲಗೆ, "ನಾನು ಕೂತಿದೀನಿ."

ನನ್ನ ಕಣ್ಣು ತುಂಬಿ ಬಂತು. ಏಳಿಸಲು ಕೈ ಕೊಟ್ಟರೆ ಹಿಡಿಯಲಿಲ್ಲ, ನೀವು ಹೋಗಿ ಬನ್ನಿ ಎಂದಳು. ಗೋಪುರ ನಿಂತಿದ್ದ ಜಾಗವನ್ನು ನಾನೊಬ್ಬನೇ ನೋಡಿದೆ. ಸಾಲಾಗಿ ಅಡಿಪಾಯದ ಕಲ್ಲುಗಳು, ದೂರದಲ್ಲಿ ಸರೋವರ. ಇಷ್ಟು ವರ್ಷ ಕಾದು ಬಂದವನು ಅಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ.

ಇಳಿದು ಬಂದಾಗ ಅವಳು ಬುದ್ಧನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಫೋನ್ ಒತ್ತುತ್ತಿದ್ದಳು.

"ಮುಂದಿನ ಶನಿವಾರದಿಂದ ಕ್ಲಾಸ್ ಅಂತ ಪೇರೆಂಟ್ಸ್ ಗ್ರೂಪಿಗೆ ಹಾಕ್ಬಿಟ್ಟೆ," ಎಂದಳು. "ಮತ್ತೆ ಹೆದ್ರಿಕೆ ಬರೋದ್ರೊಳಗೆ."