ಬೆಸುಗೆ ಸರಿಯಿತ್ತು

ಮರಾಠಿ ಸೀಮೆಯ ಖಡಕಿಯಲ್ಲಿ ನಾನು ಕೆಲಸಕ್ಕಿದ್ದ ಶೆಡ್ಡಿನಲ್ಲಿ ಪ್ರೋಗ್ರಾಂ ಬರೆಯುವವನೂ ನಾನೇ, ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುವವನೂ ನಾನೇ. ತೊಂಬತ್ತರ ದಶಕದ ಕೊನೆ. ಮೋಟರಿನ ವೇಗವನ್ನು ಹಿಡಿತದಲ್ಲಿಡುವ ಬೋರ್ಡುಗಳನ್ನು ಮಾಡುತ್ತಿದ್ದೆವು. ಬೋರ್ಡಿನ ಮೈಕ್ರೋಕಂಟ್ರೋಲರ್ ವಿದ್ಯುತ್ತನ್ನು ಕಣ್ಣಿಗೆ ಕಾಣದಷ್ಟು ಬೇಗ ಹಾಕಿ ತೆಗೆಯುತ್ತಿರುತ್ತದೆ; ಹಾಕಿದ ಹೊತ್ತು ಹೆಚ್ಚಿದಷ್ಟೂ ಮೋಟರು ಜೋರಾಗಿ ಓಡುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ನನಗೆ ಅದು ನೀರು ಕುಡಿದಷ್ಟು ಸುಲಭ ಎಂಬ ಜಂಬವಿತ್ತು.

ಅಲ್ಲಿನ ಕ್ಯಾಂಪ್ ಪೇಟೆಯ ಒಂದು ಬೇಕರಿಯಿಂದ ಬೋರ್ಡು ವಾಪಸು ಬಂತು. ವೇಗದ ಗುಂಡಿಯನ್ನು ಕೊನೆತನಕ ತಿರುಗಿಸಿದರೆ ಹಿಟ್ಟು ಕಲಸುವ ಮೋಟರು ಗಕ್ಕನೆ ನಿಲ್ಲುತ್ತದಂತೆ. ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪು ಮಾಲೀಕರ ಕೋಣೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು, ಗಿರಾಕಿಗಳು ಬಂದಾಗ ತೋರಿಸಲಿಕ್ಕೆ. ಕೇಳಿದರೆ ಹತ್ತು ಪ್ರಶ್ನೆ. ಮಲ್ಟಿಮೀಟರ್ ಹಚ್ಚಿದೆ. ಬಡಪಾಯಿ, ಅದು ಸರಾಸರಿಯನ್ನಷ್ಟೇ ಹೇಳುತ್ತದೆ. ಮುಳ್ಳು ಮೇಲೆ ಕೆಳಗೆ ಕುಣಿಯಿತು. ಬೆಸುಗೆ ಸಡಿಲವಾಗಿದೆ ಎಂದುಕೊಂಡೆ. ಇನ್ನೊಂದು ಬೋರ್ಡಿನ ಗುಂಡಿಯನ್ನೂ ತಿರುಗಿಸಿ ನೋಡುವ ಬುದ್ಧಿ ಬರಲಿಲ್ಲ.

ಬೆಸುಗೆ ಹಾಕುತ್ತಿದ್ದವಳು ಆರು ವರ್ಷದಿಂದ ಅಲ್ಲೇ ಇದ್ದ ಹೆಂಗಸು. ಅವಳು ನಮ್ಮೊಡನೆ ಆಡುತ್ತಿದ್ದದ್ದು ಮರಾಠಿ. ಮಾಲೀಕರು ವಿಜಾಪುರದವರು, ನಾನು ಬಾಗಲಕೋಟೆಯ ಕಡೆಯವನು. ಎದುರಿನವರಿಗೆ ತಿಳಿಯಬಾರದ ಮಾತು ಬಂದರೆ ನಾವಿಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದೆವು. ಅವತ್ತೂ ಅವಳ ಮುಂದೆಯೇ ಹೇಳಿದೆ: "ಈಕಿ ಸೋಲ್ಡರಿಂಗ್ ಸರಿ ಇಲ್ರಿ. ಕೈ ಕೆಟ್ಟದ."

"ಹಂಗಾರ ಆಕಿ ಬ್ಯಾಡ ಬಿಡ್ರಿ," ಎಂದರು ಮಾಲೀಕರು. ಆಮೇಲೆ ಬೋರ್ಡು ಜೋಡಿಸುವ, ಕನ್ನಡ ಬಾರದ ನಾಲ್ವರು ಹೆಂಗಸರೆದುರೇ ಅವಳಿಗೆ ಮರಾಠಿಯಲ್ಲಿ, ಕೆಲಸ ಚೆನ್ನಾಗಿಲ್ಲ, ಸೋಮವಾರದಿಂದ ಬರಬೇಡ ಎಂದರು.

ಅವಳ ಬೆಸುಗೆ ಕಿತ್ತು ನಾನೇ ಹೊಸದಾಗಿ ಹಾಕಿದೆ. ಮೋಟರು ಮತ್ತೂ ನಿಂತಿತು. ಮಂಗಳವಾರ ಮಾನ ಬಿಟ್ಟು ಆಸಿಲೋಸ್ಕೋಪು ಕೇಳಿ ತಂದೆ. ಗುಂಡಿ ಕೊನೆಗೆ ಬಂದಾಗ ಪರದೆಯ ಮೇಲಿನ ಅಲೆ ಮಾಯ. ಆ ಮೈಕ್ರೋಕಂಟ್ರೋಲರಿನ ಒಂದು ಖಾನೆಯಲ್ಲಿ ಇನ್ನೂರೈವತ್ತೈದರವರೆಗಿನ ಅಂಕಿ ಮಾತ್ರ ಹಿಡಿಯುತ್ತದೆ. ಒಂದು ಹೆಚ್ಚಾದರೂ ಮತ್ತೆ ಸೊನ್ನೆ. ಮೋಟರು ಸಲೀಸಾಗಿ ಶುರುವಾಗಲೆಂದು ನಾನೇ ಜಾಣತನ ಮಾಡಿ ಗುಂಡಿಯ ಅಂಕಿಗೆ ಪ್ರತಿ ಸಲವೂ ಸ್ವಲ್ಪ ಕೂಡಿಸಿದ್ದೆ; ಗುಂಡಿ ಕೊನೆಗೆ ಬಂದಾಗ ಅದು ಮಿತಿ ದಾಟಿ ಸೊನ್ನೆಗೆ ಬೀಳುತ್ತಿತ್ತು. ಬೆಸುಗೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮಾಲೀಕರಿಗೆ ಹೇಳಿದೆ, ಕನ್ನಡದಲ್ಲೇ. "ಆಗಿದ್ದು ಆತು. ಈಗ ಬಾಯಿ ಬಿಟ್ರ ನಮ್ಮ ಮರ್ಯಾದಿ ಹೋಗ್ತದ," ಎಂದರು. ಆಗ ಬಾಗಿಲಲ್ಲಿ ಅವಳು. ಉಳಿದ ಸಾಮಾನು ಒಯ್ಯಲು ಬಂದಿದ್ದಳು.

"ಅವತ್ತು ನೀವು ಆಡಿದ್ದೂ ನನಗ ತಿಳಿದಿತ್ರಿ," ಎಂದಳು, ನನಗಿಂತ ಸ್ವಚ್ಛ ಕನ್ನಡದಲ್ಲಿ. ತವರು ಮನೆಮನೆಯಲ್ಲೂ ಕನ್ನಡ ಆಡುವ ಅಕ್ಕಲಕೋಟದ ಕಡೆಯಂತೆ. ಆರು ವರ್ಷ ನಾವು ಆಡಿದ್ದನ್ನೆಲ್ಲ ಕೇಳಿಸಿಕೊಂಡೇ ಕೆಲಸ ಮಾಡಿದ್ದಳು. ನೆಲ ಬಾಯಿ ಬಿಡಬಾರದೇ ಅನಿಸಿತು.

"ನಿಮ್ಮದೇನೂ ತಪ್ಪಿಲ್ರಿ," ಎಂದೆ ಮೆಲ್ಲಗೆ.

"ಅದು ನನಗ ಗೊತ್ತದ. ಅವರಿಗೆ ಹೇಳ್ರಿ, ಮರಾಠಿಯೊಳಗ." ಕೆಲಸದ ಬೆಂಚಿಗೆ ಕೂತಿದ್ದ ಆ ನಾಲ್ವರು ಹೆಂಗಸರ ಕಡೆ ಕೈ ತೋರಿಸಿದಳು. "ಈ ಓಣಿಯಾಗ ಎಲ್ಲಿ ಕೆಲಸ ಕೇಳಿದ್ರೂ ಇವರನ್ನ ವಿಚಾರಿಸ್ತಾರ. ನಾ ಹೇಳಿದ್ರ ಯಾರು ನಂಬ್ತಾರ್ರಿ? ನೌಕರಿ ನನಗ ಬ್ಯಾಡ. ಅದೊಂದು ಮಾತು ಹೇಳ್ರಿ."

ಮಾಲೀಕರು ನನ್ನನ್ನೇ ನೋಡುತ್ತಿದ್ದರು. ಒಂದು ಸಾಲಿನ ಮಾತು. ನಾನು ಆಸಿಲೋಸ್ಕೋಪಿನ ತಂತಿ ಸುತ್ತತೊಡಗಿದೆ. ಅವಳು ಚೀಲ ಎತ್ತಿಕೊಂಡು ಹೋದಳು.

ಹೆಂಗಸರಲ್ಲಿ ಒಬ್ಬಳು ಕೇಳಿದಳು, ಏನಂತೆ ಅವಳದು?

"ಏನಿಲ್ಲ," ಎಂದೆ ಮರಾಠಿಯಲ್ಲಿ, "ತಪ್ಪಾಯ್ತು, ಇನ್ನೊಮ್ಮೆ ಕೆಲಸ ಕೊಡಿ ಅಂತ ಕೇಳಲು ಬಂದಿದ್ದಳು."