ಶುಕ್ರವಾರಗಳಿಲ್ಲದ ಪುಟ

ಸೌದಿಯ ಜುಬೈಲಿನ ನಮ್ಮ ಕಂಪನಿಯ ಜಾವಾ ವೆಬ್‌ಸೈಟಿನಲ್ಲಿ, ರಜೆಗೆ ಊರಿಗೆ ಹೋಗಲು ಇನ್ನೆಷ್ಟು ದಿನ ಎಂಬ ಲೆಕ್ಕವನ್ನು ಹಳಬರು ಪುಟದೊಳಗೇ ಬರೆದಿಟ್ಟಿದ್ದರು. ಇಂಗ್ಲಿಷ್ ಪುಟದಲ್ಲೊಂದು ಲೆಕ್ಕ, ಅರಬಿ ಪುಟದಲ್ಲಿ ಇನ್ನೊಂದು. ಅರಬಿಯದ್ದು ಶುಕ್ರವಾರಗಳನ್ನು ಎಣಿಸುತ್ತಲೇ ಇರಲಿಲ್ಲ. ಮ್ಯಾನೇಜರ್ ಹೇಳಿದ ಮೇಲೆ ನಾನು ಎರಡನ್ನೂ ಕಿತ್ತು, ಲೆಕ್ಕವನ್ನು ಪುಟಗಳ ಹಿಂದಿನ ಸರ್ವರಿನಲ್ಲಿ ಒಂದೇ ಕಡೆ ಇಟ್ಟೆ. ಪುಟಗಳಿಗೆ ಇನ್ನು ತೋರಿಸುವ ಕೆಲಸ ಮಾತ್ರ.

ಮರುದಿನವೇ ಉಳ್ಳಾಲದ ವೆಲ್ಡರ್ ಹಮೀದಾಕ ಫೋನು ಹಿಡಿದುಕೊಂಡು ಬಂದರು.

"ಎಂತ ಮಾರಾಯ್ರೆ ಇದು? ನಿನ್ನೆ ಅರುವತ್ತು ದಿನ ಇತ್ತು, ಇವತ್ತು ಅರುವತ್ತೊಂಬತ್ತು!"

"ನಿನ್ನೆಯದ್ದು ತಪ್ಪು, ಹಮೀದಾಕ. ಇಂಗ್ಲಿಷಿನಲ್ಲಿ ಎಪ್ಪತ್ತೇ ಇತ್ತಲ್ಲ?"

"ಗೊತ್ತುಂಟು. ಅದಕ್ಕೇ ಅಲ್ವಾ ನಾನು ಅರಬಿಯದ್ದು ನೋಡುವುದು!"

ಆ ತಪ್ಪು ನನಗೆ ಗೊತ್ತಾಗಿ ಒಂದು ತಿಂಗಳಾಗಿತ್ತು. ಅಷ್ಟು ದಿನವೂ ನನ್ನ ರಜೆಯನ್ನು ನಾನು ಅರಬಿ ಪುಟದಲ್ಲೇ ನೋಡುತ್ತಿದ್ದೆ.