ಮುಳುಗಿದ ಹೊಲಕ್ಕೆ ಚರಗ

ತುಳಸಿಗೇರಿಯ ಸುಂದರವ್ವ ಕಲಾದಗಿಯ ಚಂದಪ್ಪನ ಕೈಹಿಡಿದು ಬಂದ ವರ್ಷವೇ ಬಸುರಿಯಾದಳು. ಸೀಗಿ ಹುಣ್ಣಿಮೆಯ ದಿನ ಅತ್ತೆ ಅವಳನ್ನು ಹೊಳೆದಂಡೆಯ ಹೊಲಕ್ಕೆ ಕರೆದೊಯ್ದು, ತೆನೆ ತುಂಬುತ್ತಿದ್ದ ಸಜ್ಜೆ ತೋರಿಸಿ, ಈ ಹೊಲವೂ ನಿನ್ನ ಹಾಗೆ ಬಸುರಿ, ಇವಳ ಬಯಕೆ ತೀರಿಸಬೇಕು ಎಂದಿದ್ದಳು. ಕಡಬು, ಪುಂಡಿಪಲ್ಲೆ, ಮೊಸರನ್ನ ಕಲಸಿದ ಚರಗವನ್ನು ಸುಂದರವ್ವ ಬೆಳೆಯ ನಡುವೆ ಚೆಲ್ಲುತ್ತ ಹೋದಳು. ಹಿಂದೆ ಚಂದಪ್ಪ ತಂಬಿಗೆಯ ನೀರು ಚಿಮುಕಿಸುತ್ತ ಬಂದ. ಉಂಡವಳಿಗೆ ನೀರು ಬೇಡವೇ? ಅಂದಿನಿಂದ ಆ ಹೊಲ ಅವಳಿಗೆ ಒಡಹುಟ್ಟಿದವಳಾಯಿತು. ಹುಟ್ಟಿದ ಮಕ್ಕಳೆಲ್ಲ ಅದರ ಅನ್ನ ಉಂಡೇ ಬೆಳೆದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹೊಲವನ್ನು ಮುಳುಗಿಸಿತು. ಸುಂದರವ್ವ ಹೊಳೆಯ ಮೇಲೆ ಮುನಿಸಿಕೊಂಡಳು. ಓಣಿಯ ಹೆಂಗಸರೆಲ್ಲ ತುಂಬಿದ ಹೊಳೆಗೆ ಉಡಿ ತುಂಬಲು ಹೋದರೆ ಇವಳು ಬಾಗಿಲು ಹಾಕಿಕೊಂಡು ಕುಳಿತಳು. ಆದರೆ ಸೀಗಿ ಹುಣ್ಣಿಮೆ ಬಂದದ್ದೇ ತಡ, ನಸುಕಿನಲ್ಲೆದ್ದು ಒಲೆ ಹೊತ್ತಿಸಿದಳು. ಹೊಲ ಈಗ ಸರ್ಕಾರದ್ದು, ನೀರೊಳಗೆ ಯಾರಿಗೆ ಉಣಿಸುತ್ತೀ ಎಂದು ಚಂದಪ್ಪ ಗೊಣಗಿದ.

"ಇಷ್ಟ್ ವರ್ಷ ನಮ್ಮನ್ನ ಸಾಕ್ಯಾಳ. ಉಣಸದ ಹೆಂಗ ಬಿಡೂದ್ರಿ?" ಎಂದಳು ಸುಂದರವ್ವ.

ಗೊಣಗಿದವನೇ ತಂಬಿಗೆ ಬೆಳಗಿ, ನೀರು ತುಂಬಿಕೊಂಡು ಅವಳಿಗಿಂತ ಮೊದಲು ಹೊಸ್ತಿಲು ದಾಟಿದ. ಆ ಮನುಷ್ಯನೇ ಹಾಗೆ, ಬಾಯಿ ಒಂದು ಕಡೆ ಎಳೆದರೆ ಕಾಲು ಇನ್ನೊಂದು ಕಡೆ.

ಮೀನು ಹಿಡಿಯುವ ಮುರ್ತುಜಸಾಬ ಇಬ್ಬರನ್ನೂ ತನ್ನ ಹರಗೋಲಿನಲ್ಲಿ ಕೂರಿಸಿಕೊಂಡ. ಬಾಡಿಗೆ ಬೇಡ, ಕಡಬು ಉಳಿಸಿದರೆ ಸಾಕು ಎಂದ. ಅವರ ಬದುವಿನ ಬನ್ನಿಮರದ ನೆತ್ತಿಯಷ್ಟೇ ನೀರಿನ ಮೇಲೆ ಕಾಣುತ್ತಿತ್ತು. ಅಲ್ಲಿಗೆ ಹುಟ್ಟು ಹಾಕಿ ನಿಲ್ಲಿಸಿದ.

ಸುಂದರವ್ವ ಚರಗ ಚೆಲ್ಲಿದಳು. ಅನ್ನ ನೀರಿನಲ್ಲಿ ನಿಧಾನವಾಗಿ ಕೆಳಗಿಳಿಯಿತು. ಹೊಲ ಎಲ್ಲಿಗೂ ಹೋಗಿಲ್ಲ, ಇಲ್ಲೇ ಕೆಳಗೆ ಮಲಗಿದ್ದಾಳೆ ಎಂದು ಖಾತ್ರಿಯಾದಾಗ ಅವಳ ಕಣ್ಣು ತುಂಬಿತು, ಎದೆ ಹಗುರಾಯಿತು. ಹಿಂದೆ ಕುಳಿತ ಚಂದಪ್ಪ ರೂಢಿಯಂತೆ ತಂಬಿಗೆಯೊಳಗೆ ಕೈ ಅದ್ದಿದ. ಅವಳು ತಿರುಗಿ ಅವನ ಕೈ ಹಿಡಿದಳು. ಸುತ್ತಲೂ ತುಂಬಿ ನಿಂತ ಹೊಳೆಯನ್ನು ತುಸು ಹೊತ್ತು ನೋಡಿದಳು.

"ತಂಬಿಗಿ ಇಡ್ರಿ. ಈ ಸಲ ನೀರು ಗಂಗವ್ವ ತಾನ ತಂದಾಳ."

ಬನ್ನಿಮರಕ್ಕೆಂದು ತಂದಿದ್ದ ಅರಿಷಿಣ-ಕುಂಕುಮವನ್ನು ಅವಳು ಹೊಳೆಗೆ ಏರಿಸಿ ಕೈಮುಗಿದಳು.